ನಿಲ್ದಾಣದ ಹೆಸರು ಬದಲಾಗಿಲ್ಲ

ಮನೆ ಮಾರುವುದು ನನ್ನ ಕಸುಬು. ನೊಬಿ ಬಯಲಿನಲ್ಲಿ,
ಎರಡು ನದಿಗಳು ಮಾತು ಬಿಟ್ಟ ದಾಯಾದಿಗಳಂತೆ
ಅಕ್ಕಪಕ್ಕ ಹರಿಯುವ ಕಡೆ.
ನೆರೆಯ ನಕ್ಷೆಯನ್ನು ಗಿರಾಕಿಗೆ ಓದಿ ಹೇಳಬೇಕೆಂದು ಕಾನೂನಿದೆ.
ಓದುತ್ತೇನೆ, ಉಸಿರು ಬಿಡದೆ,
ಕಸ ಹಾಕುವ ದಿನಕ್ಕೂ ನಾಯಿ ಸಾಕುವ ನಿಯಮಕ್ಕೂ ನಡುವೆ:
“ಗುಲಾಬಿ ಬಣ್ಣವೆಂದರೆ ಮೂರರಿಂದ ಐದು ಮೀಟರ್,
ಸಾವಿರ ವರ್ಷಕ್ಕೊಮ್ಮೆ ಬರುವ ಮಳೆಗೆ.”
ಸಾವಿರ ಎಂಬ ಮಾತು ಕಿವಿಗೆ ಬಿದ್ದರೆ ಸಾಕು,
ಜನ ಅಡುಗೆಮನೆ ನೋಡಲು ಎದ್ದುಬಿಡುತ್ತಾರೆ.

ಬಡಾವಣೆಯ ಹೆಸರು ಹಿಕಾರಿಗಾಓಕಾ, ಬೆಳಕಿನ ಗುಡ್ಡ.
ಗುಡ್ಡವಿಲ್ಲ. ಬೆಳಕಿದೆ, ಸುಳ್ಳು ಹೇಳಬಾರದು,
ಅಡ್ಡ ಬರಲು ಎತ್ತರದ್ದೇನೂ ಇಲ್ಲವಲ್ಲ.

ತಾಜಿಮಾ ಮಿನೆಕೊ ಬಂದದ್ದು ಜೂನ್ ಕೊನೆಗೆ,
ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ.
ಮೂವತ್ತೊಂದು ವರ್ಷ ಊರ ಬಸ್ಸು ಓಡಿಸಿದವಳು.
ಜೊತೆಗೆ ತಂಗಿ ಫುಯುಕೊ, ಮಂಡಿನೋವಿನವಳು.
ಇಬ್ಬರ ಉಳಿತಾಯ ಸೇರಿಸಿ ಒಂದು ಮನೆ, ಮೆಟ್ಟಿಲಿರಬಾರದು.
ಹೇಳಿ ಮಾಡಿಸಿದ ಹಾಗಿತ್ತು: ಒಂದೇ ಅಂತಸ್ತು,
ಹೊಸಿಲೇ ಇಲ್ಲದ ಬಾಗಿಲುಗಳು.
ಫುಯುಕೊ ಸ್ನಾನದ ತೊಟ್ಟಿಯಲ್ಲಿ
ಬಟ್ಟೆ ಸಮೇತ ಕೂತು ಕಣ್ಣು ಮುಚ್ಚಿದಳು.
ವ್ಯಾಪಾರ ಕುದುರಿತು ಅಂದುಕೊಂಡೆ.

ಮಿನೆಕೊ ಒಳಗೇ ಬರಲಿಲ್ಲ. ಗೇಟಿನಲ್ಲಿ ನಿಂತು ಕೇಳಿದಳು,
“ಬಸ್ ನಿಲ್ದಾಣ?”
“ನಾಲ್ಕೇ ನಿಮಿಷ.”
“ದೂರ ಕೇಳಲಿಲ್ಲ. ಹೆಸರು.”
“ಹೆಬಿನುಮಾ,” ಅಂದೆ, ಕೆಮ್ಮಿನ ಜೊತೆ ಸೇರಿಸಿ.
ಹಾವಿನ ಜೌಗು.
ಬದಲಿಸಿ ಎಂದು ನಮ್ಮವರು ಬಸ್ ಕಂಪನಿಗೆ ಬರೆದಿದ್ದರು;
ಹೊಸ ಫಲಕದ ಖರ್ಚು ಯಾರದೆಂದು ತೀರ್ಮಾನವಾಗದೆ
ಹಾವು ಅಲ್ಲೇ ಉಳಿಯಿತು.

“ಕಣ್ಣಿಗೆ ಈ ರಸ್ತೆ ಸಮ. ಬಸ್ಸಿಗಲ್ಲ,” ಅಂದಳು.
“ಶಾಲೆ ದಾಟಿದ ಕೂಡಲೇ ಕಾಲು ತೆಗೆಯುತ್ತಿದ್ದೆ.
ಮುಂದಕ್ಕೆ ಅದರ ಪಾಡಿಗೆ ಅದು ಬರುತ್ತಿತ್ತು.
ನಲವತ್ತು ಜನ ತುಂಬಿದ ಬಸ್ಸು ಎಲ್ಲಿಗೆ ತಾನಾಗಿ ಉರುಳುತ್ತದೋ
ನೀರೂ ಅಲ್ಲಿಗೇ ಬರುತ್ತದೆ, ಟಿಕೆಟ್ಟಿಲ್ಲದೆ.”

ಆಮೇಲೆ ಗದ್ದೆಯಾಚೆ ಬೆರಳು ತೋರಿಸಿದಳು.
ಕಲ್ಲಿನ ಎತ್ತರದ ಜಗಲಿ, ಅದರ ಮೇಲೆ ಮುದಿ ಮನೆ,
ಸೂರಿನಡಿ ಹಗ್ಗದಲ್ಲಿ ತೂಗುವ ದೋಣಿ.
ಎಷ್ಟೋ ಗಿರಾಕಿಗಳಿಗೆ ನಾನದನ್ನು
ಹಳೆಯ ಕಾಲದ ಸೊಬಗು ಎಂದು ತೋರಿಸಿದ್ದೇನೆ.
“ಕಟ್ಟಿದವನು ಜಾಣ,” ಅಂದಳು. “ಮೊದಲು ದೋಣಿ ಕೊಂಡ.”

ತೊಟ್ಟಿಯೊಳಗಿನಿಂದಲೇ ಫುಯುಕೊ ಕೂಗಿದಳು:
“ಅಕ್ಕಾ, ನನಗೆ ಅರವತ್ತೆಂಟು. ನಿನಗೆ ಎಪ್ಪತ್ತು.
ಸಾವಿರ ವರ್ಷದ ಮಳೆಗೆ ನಾವ್ಯಾಕೆ ಹೆದರಬೇಕು?”
“ಅದು ನಮ್ಮ ವಯಸ್ಸು ವಿಚಾರಿಸಿಕೊಂಡು ಬರುವುದಿಲ್ಲ.
ಏಳು. ನಿನ್ನ ಮಂಡಿ ಇಟ್ಟುಕೊಂಡು
ಸೂರು ಹತ್ತುವುದು ಹೇಗೆಂದು ಹೇಳು, ಇವತ್ತೇ ರುಜು ಹಾಕುತ್ತೇನೆ.”

ಕೊನೆಗೆ ಅವರು ಕೊಂಡದ್ದು ದೇಗುಲದ ದಿಬ್ಬದ ಬಳಿ,
ಮೂರನೇ ಮಹಡಿ, ಗೊಣಗುವ ಲಿಫ್ಟು,
ಕಿಟಕಿ ತೆರೆದರೆ ಯಾರದೋ ಗೋಡೆ.
ತೊಟ್ಟಿಯಲ್ಲಿ ಕಾಲು ಚಾಚಲಾಗದು.
ತಂಗಿ ಎರಡು ವಾರ ಅಕ್ಕನೊಡನೆ ಮಾತಾಡಲಿಲ್ಲವಂತೆ.
ನನ್ನ ಕಮಿಷನ್ನೂ ಅರ್ಧಕ್ಕಿಳಿಯಿತು.

ಹೇಳದೇ ಬಿಟ್ಟದ್ದೊಂದಿದೆ.
ಹಿಕಾರಿಗಾಓಕಾದ ಎರಡನೇ ಸಾಲಿನಲ್ಲಿ
ನಮ್ಮದೂ ಒಂದು ಮನೆ.
ಮೂವತ್ತೈದು ವರ್ಷದ ಸಾಲ, ಹತ್ತೊಂಬತ್ತು ಬಾಕಿ.
ನಕ್ಷೆಯನ್ನು ಊರಿಗೆಲ್ಲ ಓದಿದವನು
ಒಮ್ಮೆಯೂ ನನಗಾಗಿ ಓದಿಕೊಂಡಿಲ್ಲ.

ಆ ರಾತ್ರಿ ಮಳೆ ಮತ್ತೆ ಹಿಡಿದಿತ್ತು.
ಶಾಲೆ ದಾಟಿದ್ದೇ ಕಾರನ್ನು ನ್ಯೂಟ್ರಲ್‌ಗೆ ಹಾಕಿ
ಕಾಲು ಹಿಂದಕ್ಕೆಳೆದುಕೊಂಡೆ.
ನಿಲ್ಲಲಿ, ನಿಲ್ಲಲಿ ಅಂದುಕೊಂಡೆ,
ಔಷಧಿ ಅಂಗಡಿಯ ಮುಂದೆ, ಅಂಚೆಪೆಟ್ಟಿಗೆಯ ಮುಂದೆ.
ನಿಲ್ಲಲಿಲ್ಲ. ಹಾವಿನ ಫಲಕ ದಾಟಿತು,
ಮೆಲ್ಲಗೆ ನಮ್ಮ ಬೀದಿಗೆ ಹೊರಳಿಸಿಕೊಂಡಿತು,
ನಮ್ಮ ಗೇಟಿನ ಮುಂದೆ ಬಂದು ನಿಂತಿತು.

ಕನಾಎ ಬಾಗಿಲು ತೆರೆದಳು, ಕೈಯಲ್ಲಿ ಟವೆಲ್ಲು.
“ಅರೆ,” ಅಂದಳು,
“ಸದ್ದೇ ಇಲ್ಲದೆ ಬಂದುಬಿಟ್ಟೆಯಲ್ಲ.”